ಕಂಫರ್ಟೆಬಲ್ ಅಂದ್ರ ಆರಾಮ

ಕಲಬುರಗಿಯ ಆ ದವಾಖಾನೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯಲ್ಲೇ ನಾವು ಎಡವಿದೆವು. "ವಾಟ್ ಆರ್ ಹರ್ ಕಂಪ್ಲೇಂಟ್ಸ್?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಮುಂದೆ ಬಂದು ಕೈಮುಗಿದು, "ನೋ ಕಂಪ್ಲೇಂಟ್ ಮೇಡಂ, ಆಲ್ ಗುಡ್" ಎಂದುಬಿಟ್ಟರು.

ಕಾಕಾ ನನ್ನ ಮಾವನವರ ತಮ್ಮ. ಮಾವ ತೀರಿಕೊಂಡ ಮೇಲೆ ನಮ್ಮ ಜೇವರ್ಗಿಯ ಮನೆಗೆ ಹಿರಿಯರು ಅವರೇ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಅವರ ನೌಕರಿಯಲ್ಲಿ ಕಂಪ್ಲೇಂಟ್ ಎಂದರೆ ಸಿಟ್ಟಿಗೆದ್ದ ಪ್ರಯಾಣಿಕ ಬರೆದುಕೊಟ್ಟು ಹೋಗುವ ದೂರು. ಯಾರಾದರೂ ದೊಡ್ಡವರು ಬಂದು ಕೇಳಿದರೆ ಇಲ್ಲವೆನ್ನುವುದೇ ರೂಢಿ. ಡಾಕ್ಟರಮ್ಮ ಕೇರಳದ ಕಡೆಯವರು, ಚಿಕ್ಕ ವಯಸ್ಸು. ಕನ್ನಡ ಕಲಿಯಲು ಅವರಿಗಿನ್ನೂ ಪುರುಸೊತ್ತಾಗಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಅವರು ಕಾಕಾನ ಮುಖ ನೋಡಿದರು, ಹಾಸಿಗೆಯ ಮೇಲೆ ಅರಿಶಿಣ ಬಳಿದಂತೆ ಕಣ್ಣು ಹಳದಿಯಾಗಿ ಮಲಗಿದ್ದ ನನ್ನ ಅತ್ತೆಯ ಮುಖ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

ಅತ್ತೆಗೂ ಆ ಒಂದು ಶಬ್ದ ಕೇಳಿಸಿತ್ತು. ಡಾಕ್ಟರಮ್ಮ ಅತ್ತ ಹೋದದ್ದೇ ನನ್ನನ್ನು ಹತ್ತಿರ ಕರೆದರು. "ನಾ ಯಾರ ಮ್ಯಾಲ ಕಂಪ್ಲೇಂಟ್ ಕೊಟ್ಟೇನಿ ಬೇ? ಸ್ಟೇಷನ್ ಕಟ್ಟಿ ಹತ್ತಿದ ಮನೆತನ ಅಲ್ಲ ನಮ್ದು."

ಇಲ್ಲಿ ಕಂಪ್ಲೇಂಟ್ ಎಂದರೆ ಏನು ತ್ರಾಸವಾಗುತ್ತಿದೆ ಎಂದು ಕೇಳುವುದು, ದೂರಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅವರಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಹೊಟ್ಟೆನೋವು ತಾನಾಗಿ ಬಂದದ್ದು, ಅದರಲ್ಲಿ ದೂರುವುದೇನಿದೆ ಎಂಬುದು ಅವರ ವಾದ. ಆ ವಾದದಲ್ಲಿ ತಪ್ಪು ಹುಡುಕುವುದು ನನ್ನಿಂದಾಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ತವರು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ನನ್ನನ್ನು ನೋಡಲು ಬಂದ ದಿನ ಇದೇ ಕಾಕಾ ಜೇಬಿನಿಂದ ತಮ್ಮ ಬಿಪಿ ಗುಳಿಗೆಯ ಪಟ್ಟಿ ತೆಗೆದು, ಅದರ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಓದಿಸಿದ್ದರು. ಓದಿದೆ, ಮದುವೆಯಾಯಿತು. ಅಲ್ಲಿಂದ ಇಲ್ಲಿಯವರೆಗೆ ಆ ಮನೆಯಲ್ಲಿ ಇಂಗ್ಲಿಷಿನಲ್ಲಿದ್ದದ್ದೆಲ್ಲ ನನ್ನ ಪಾಲಿಗೆ ಬಂದಿದೆ. ಬೆಳೆಯ ಹುಳಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಯ ಮೇಲಿನ ಎಚ್ಚರಿಕೆ, ಫೋನಿಗೆ ಬರುವ ಬ್ಯಾಂಕಿನ ಸಂದೇಶ, ಓಣಿಯವರ ಸ್ಕ್ಯಾನಿಂಗ್ ರಿಪೋರ್ಟು. ಬೇಡವೆಂದರೆ ಸೊಕ್ಕು ಎನ್ನುತ್ತಾರೆ. ತಪ್ಪಾಗಿ ಹೇಳಿದರೆ ಏನಾಗುತ್ತದೋ ಎಂಬ ಭಯ ನನಗೆ.

ಅತ್ತೆಗೂ ನನಗೂ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಭೀಮೆಯ ದಂಡೆಯ ಅಫಜಲಪುರದ ಹೆಣ್ಣುಮಗಳು, ಎತ್ತರದ ಆಳು. ಒಲೆಯ ಮುಂದೆ ಕೂತರೆ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ಸೊಸೆ ನೌಕರಿ ಮಾಡುವುದು ಮೊದಲು ಅವರಿಗೆ ಬೇಡವಾಗಿತ್ತು. ಆಮೇಲೆ ನಾನು ಶಾಲೆಯಿಂದ ಬಂದಕೂಡಲೇ ಮಾತಿಲ್ಲದೆ ಚಹಾದ ಕಪ್ಪು ಮುಂದೆ ಇಡತೊಡಗಿದರು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಅವರು ಎಂದೂ ಹೇಳಲಿಲ್ಲ.

ಅವರ ಕಣ್ಣು ಹಳದಿಯಾದಾಗ ಎಲ್ಲರೂ ಕಾಮಣಿ, ಬರೀ ಕಾಮಾಲೆ ಎಂದೇ ತಿಳಿದರು. ಬೇರು ಅರೆದು ಕುಡಿಸುವವರ ಹತ್ತಿರ ಹೋಗಿಬಂದೆವು. ಮೈ ಕೆರೆತ, ಹೊಟ್ಟೆನೋವು, ಜ್ವರ ಹೆಚ್ಚಾದ ಮೇಲೆ ಕಲಬುರಗಿಗೆ ಬಂದೆವು. ಪಿತ್ತದ ನಾಳ ಕಟ್ಟಿಕೊಂಡು ಒಳಗೆ ಸೋಂಕಾಗಿದೆ ಎಂದು ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಸೀರಿಯಸ್ ಇನ್‌ಫೆಕ್ಷನ್, ಆದರೆ ಔಷಧಿಗೆ ಬಗ್ಗುತ್ತದೆ, ಅಂಜಬೇಡಿ ಎಂದರು. ಅಷ್ಟು ಇಂಗ್ಲಿಷಿನ ನಡುವೆ ಕಾಕಾನ ಕಿವಿಗೆ ಬಿದ್ದದ್ದು ಒಂದೇ ಮಾತು.

ನಮ್ಮ ಕಡೆ ಸೀರಿಯಸ್ ಎನ್ನುವುದು ಇಂಗ್ಲಿಷ್ ಶಬ್ದವಾಗಿ ಉಳಿದಿಲ್ಲ. 'ಸೀರಿಯಸ್ ಅದ' ಎಂದು ಫೋನ್ ಬಂದರೆ ಹೊರಡಬೇಕು, ಮುಖ ನೋಡುವುದಿದ್ದರೆ ಈಗಲೇ ಎಂದು ಅರ್ಥ. ನಾನು ಔಷಧಿ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಕಾಕಾ ಜೇವರ್ಗಿಗೆ, ಅಫಜಲಪುರಕ್ಕೆ, ನನ್ನ ತವರಿಗೂ ಫೋನ್ ಹಚ್ಚಿ ಆ ಮಾತು ಹೇಳಿಬಿಟ್ಟಿದ್ದರು. ಮೇಲೆ ಬಂದಾಗ ಅವರು ಗೋಡೆಗೆ ತಲೆ ಆನಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ತಡೆಯಲು ನೋಡಿದೆ. ಇಂಗ್ಲಿಷಿನಲ್ಲಿ ಸೀರಿಯಸ್ ಎಂದರೆ ಜೋರಾಗಿದೆ, ಹಗುರಾಗಿ ತಗೊಳ್ಳಬಾರದು ಎಂದಷ್ಟೇ, ಗುಣವಾಗುತ್ತದೆ ಎಂದೂ ಹೇಳಿದ್ದಾರೆ ಎಂದೆ.

ಕಾಕಾ ನನ್ನನ್ನು ಸಣ್ಣ ಹುಡುಗಿಯನ್ನು ನೋಡುವಂತೆ ನೋಡಿದರು. "ನಿಂದು ಸಾಲ್ಯಾಗಿನ ಇಂಗ್ಲಿಷ್, ತಂಗಿ. ಇದು ದವಾಖಾನಿ ಇಂಗ್ಲಿಷ್. ನಾ ಇಂಥಾವು ಎಷ್ಟು ನೋಡೇನಿ."

ಮಧ್ಯಾಹ್ನದ ಹೊತ್ತಿಗೆ ಕ್ರೂಸರ್ ಗಾಡಿಗಳು ಬಂದು ಗೇಟಿನ ಹೊರಗೆ ನಿಂತವು. ಒಬ್ಬರನ್ನು ಮಾತ್ರ ಒಳಗೆ ಬಿಡುವ ಕಾವಲುಗಾರನನ್ನು ಅಳುತ್ತಲೇ ದಾಟಿಕೊಂಡು ಹೆಂಗಸರು ಮೇಲೆ ಬಂದರು. ಅತ್ತೆಯ ಅಣ್ಣ, ನಮಗೆಲ್ಲ ಅಫಜಲಪುರದ ಮಾಮಾ, ಕೊನೆಯ ಗುಟುಕಿಗೆಂದು ಬಾಟಲಿಯಲ್ಲಿ ಭೀಮಾ ನದಿಯ ನೀರು ತಂದಿದ್ದರು. ಔಷಧಿ ಹತ್ತಿ ಜ್ವರ ಇಳಿದು ಆಗಷ್ಟೇ ಎದ್ದು ಕೂತಿದ್ದ ಅತ್ತೆ, ಸುತ್ತ ನಿಂತು ಬಿಕ್ಕುತ್ತಿದ್ದವರನ್ನು ನೋಡಿ ಯಾರಿಗೆ ಏನಾಯಿತು ಎಂದು ಗಾಬರಿಯಾಗಿ ಕೇಳಿದರು. ಅವರಿಗೆ ನೀರಡಿಸಿತ್ತು, ಅಣ್ಣನ ಕೈಯಿಂದ ಬಾಟಲಿ ಕಸಿದುಕೊಂಡು ಅರ್ಧ ಕುಡಿದು, ನೀರು ಎಲ್ಲಿಯದೆಂದು ಕೇಳಿದರು. ಮಾಮಾ ಬಾಗಿಲ ಆಚೆ ಹೋಗಿ ನಿಂತರು.

ಆ ದಿನ ನಾವು ನಕ್ಕೆವು. ನಾನೂ ನಕ್ಕೆ. ಆದರೆ ಕಾಕಾ ನಗಲಿಲ್ಲ. ಗಾಡಿ ತುಂಬ ಮಂದಿಯ ಮುಂದೆ ತಮ್ಮ ಮಾತು ಸುಳ್ಳಾದದ್ದು ಅವರಿಗೆ ನಾಟಿತ್ತು.

ನಾಳಕ್ಕೆ ಸಣ್ಣ ಕೊಳವೆ ಹಾಕಿದರು, ಹಳದಿ ಇಳಿಯಿತು. ಒಳಗಿನ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ಅದು ಬರುವ ತನಕ ಇರಬೇಕು ಎಂದರು. ಶಾಲೆಗೆ ರಜೆ ಹಾಕಿ ನಾನೇ ಉಳಿದೆ. ಡಾಕ್ಟರಮ್ಮನ ಜೊತೆ ಮಾತಾಡಬಲ್ಲವಳು ನಾನೊಬ್ಬಳೇ ಎಂಬುದು ಎಲ್ಲರ ತೀರ್ಮಾನ. ನನ್ನ ಗಂಡನಿಗೆ ಜೇವರ್ಗಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಅವನು ದಿನಾ ಬಸ್ಸಿನಲ್ಲಿ ಬಂದು ಊಟದ ಡಬ್ಬಿ ಕೊಟ್ಟು ಹೋಗುತ್ತಿದ್ದ.

ಮೂರನೆಯ ಅಂತಸ್ತಿನ ಆ ಕೋಣೆಗೆ ಒಂದು ಕಿಟಕಿ ಇತ್ತು. ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಬೇಸಿಗೆಯ ಧಗೆ ಆ ಸಂದಿಯಲ್ಲಿ ಬಂದು ಕೂತುಬಿಡುತ್ತಿತ್ತು. ಎದ್ದು ಹೊರಗೆ ಹೋದರೆ ಇಷ್ಟರಲ್ಲೇ ಡಾಕ್ಟರು ಬಂದುಬಿಟ್ಟರೆ ಎಂಬ ಆತಂಕ. ಸ್ನಾನಕ್ಕೆ ಹೋದರೂ ಅರ್ಧಕ್ಕೇ ಓಡಿ ಬರುತ್ತಿದ್ದೆ. ಸುಮ್ಮನೆ ಕೂತಾಗ ಮೇಷ್ಟರ ತಲೆ ತನ್ನ ಕೆಲಸ ಮಾಡುತ್ತದೆ. ನಾನು ಮಕ್ಕಳಿಗೆ ಎರಡೆರಡು ಶಬ್ದ ಕೊಟ್ಟು ಸರಿಯಾದದ್ದನ್ನು ಆರಿಸಿ ಎನ್ನುವವಳು. ಅಲ್ಲಿ ಕೂತು ನೋಡಿದರೆ ಒಂದೇ ಶಬ್ದ ಎರಡು ಕಡೆ ಎಳೆಯುತ್ತಿತ್ತು. ಅಡ್ಮಿಟ್ ಎಂದರೆ ದವಾಖಾನೆಗೆ ಸೇರಿಸುವುದು, ತಪ್ಪು ಒಪ್ಪಿಕೊಳ್ಳುವುದೂ ಹೌದು. ಪೇಷಂಟ್ ಎಂದರೆ ರೋಗಿ, ತಾಳ್ಮೆಯುಳ್ಳವರು ಎಂದೂ ಆಗುತ್ತದೆ. ಲೀವ್ ಎಂದರೆ ರಜೆ, ಬಿಟ್ಟು ಹೋಗು ಎಂದೂ ಅರ್ಥ. ನನಗೆ ಲೀವ್ ಸಿಕ್ಕಿತ್ತು. ಬಿಟ್ಟು ಹೋಗುವ ಹಾಗಿರಲಿಲ್ಲ.

ಪರೀಕ್ಷೆಯ ಫಲಿತಾಂಶ ಬಂದ ದಿನ ನನ್ನ ಗಂಡನನ್ನೂ ಕಾಕಾನನ್ನೂ ನನ್ನನ್ನೂ ಡಾಕ್ಟರಮ್ಮ ಒಂದು ಸಣ್ಣ ಕೋಣೆಗೆ ಕರೆದರು. ಕುರ್ಚಿ ಎರಡೇ ಇದ್ದವು, ನಾನು ನಿಂತೆ. ಮೇದೋಜೀರಕದಲ್ಲಿ ಗಡ್ಡೆ, ಯಕೃತ್ತಿಗೂ ಹಬ್ಬಿದೆ ಎಂದು ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಕ್ಯಾನ್ಸರ್ ಎಂಬ ಶಬ್ದವನ್ನು ಬಳಸಲಿಲ್ಲ. ಡಾಕ್ಟರುಗಳು ಬಳಸುವ ಬೇರೆ ಶಬ್ದವಿದೆ, ಮ್ಯಾಲಿಗ್ನೆನ್ಸಿ ಎಂದು, ಅದನ್ನೇ ಬಳಸಿದರು. ಆಪರೇಷನ್ ಆಗುವುದಿಲ್ಲ, ಈ ವಯಸ್ಸಿಗೆ, ಈ ಶಕ್ತಿಗೆ ಔಷಧಿ ಕೊಟ್ಟು ಹಿಂಸೆ ಮಾಡುವುದು ಬೇಡ ಎಂದರು. ಕೊನೆಗೆ ಕಾಕಾನ ಕಡೆ ತಿರುಗಿ, ಮೆತ್ತಗಿನ ದನಿಯಲ್ಲಿ, "ವಿ ವಿಲ್ ಕೀಪ್ ಹರ್ ಕಂಫರ್ಟೆಬಲ್" ಎಂದು ನನ್ನ ತೋಳು ಮುಟ್ಟಿದರು.

ಆ ಮುಟ್ಟುವಿಕೆಯಿಂದ ನನಗೆ ಎಲ್ಲವೂ ಗೊತ್ತಾಯಿತು. ಕಾಕಾ ಎದ್ದು ನಿಂತು ಥ್ಯಾಂಕ್ಯೂ ಮೇಡಂ, ಥ್ಯಾಂಕ್ಯೂ ಎನ್ನುತ್ತ ಹೊರಗೆ ಹೋದರು. ವರಾಂಡದಲ್ಲಿ ಮಾಮಾ ಕಾಯುತ್ತಿದ್ದರು.

"ಏನಂದ್ರು?"

"ಕಂಫರ್ಟೆಬಲ್ ಇಡ್ತೇವಿ ಅಂದಾರ. ಕಂಫರ್ಟೆಬಲ್ ಅಂದ್ರ ಆರಾಮ," ಎಂದರು ಕಾಕಾ.

ತಪ್ಪೇನೂ ಇರಲಿಲ್ಲ ಆ ಅನುವಾದದಲ್ಲಿ. ಯಾವ ನಿಘಂಟು ತೆರೆದರೂ ಹಾಗೇ ಇದೆ. ಆದರೆ ನಮ್ಮ ಕಡೆ ಆರಾಮ ಎಂದರೆ ಆರೋಗ್ಯ. ಎದುರು ಸಿಕ್ಕವರನ್ನು 'ಆರಾಮ ಅದೀರೇನ್ರಿ' ಎಂದೇ ಮಾತಾಡಿಸುತ್ತೇವೆ. ಜ್ವರ ಬಿಟ್ಟರೆ 'ಆರಾಮ ಆಯ್ತು' ಎನ್ನುತ್ತೇವೆ. ಡಾಕ್ಟರಮ್ಮ ಸಾಯುವ ತನಕ ನೋವಿಲ್ಲದಂತೆ ನೋಡಿಕೊಳ್ಳುತ್ತೇವೆ ಎಂದರು. ವರಾಂಡದಲ್ಲಿ ಅದು ಗುಣವಾಗುತ್ತದೆ ಎಂದಾಯಿತು. ಮಾಮಾ ಎರಡೂ ಕೈ ಮೇಲೆತ್ತಿ ಮುಗಿದರು. ಫೋನುಗಳು ಹೊರಬಂದವು.

ನಾನು ನನ್ನ ಗಂಡನನ್ನು ಮೆಟ್ಟಿಲ ತಿರುವಿಗೆ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಸರಳಿನ ಮೇಲೆ ಕೈ ಊರಿ ಕೆಳಗೆ ನೋಡಿದ. ಅವನಿಗೂ ಒಳಗೊಳಗೇ ಗೊತ್ತಾಗಿತ್ತು ಎಂದು ನನಗೆ ಅನಿಸಿತು. ನೀನು ಸರಿಯಾಗಿ ಕೇಳಿಸಿಕೊಂಡೆಯಾ ಎಂದು ಒಮ್ಮೆ ಕೇಳಿದ. ಆಮೇಲೆ, "ಕಾಕಾನ ಮುಂದ ಈಗ ಅನ್ನಬ್ಯಾಡ" ಎಂದ.

ನಾನು ಅಂದೆ. ಅನ್ನದೆ ಇರಲು ಆಗಲಿಲ್ಲ. ಮಾಮಾ ಊರಿಗೆ ಹೋದ ಮೇಲೆ ಕಾಕಾನನ್ನು ಬೆಂಚಿನ ಮೇಲೆ ಕೂರಿಸಿ, ಆ ಮಾತಿಗೆ ಆ ಅರ್ಥವಲ್ಲ, ಇನ್ನು ಗುಣವಾಗುವುದಿಲ್ಲ, ತ್ರಾಸವಾಗದಂತೆ ಮಾತ್ರ ನೋಡಿಕೊಳ್ಳುತ್ತಾರೆ ಎಂದೆ. ಕಾಕಾನ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಬಿಗಿಯಿತು.

"ಅವತ್ತ ಸೀರಿಯಸ್ ಅಂದ್ರ ಸೀರಿಯಸ್ ಅಲ್ಲ ಅಂದಿ. ಇವತ್ತ ಆರಾಮ ಅಂದ್ರ ಆರಾಮ ಅಲ್ಲ ಅಂತಿ. ನಿನ್ನ ಬಾಯಾಗ ಯಾವ ಮಾತು ನೆಟ್ಟಗ ನಿಂದರ್ತದವಾ?"

ನಾನು ಅವರನ್ನು ಮತ್ತೆ ಡಾಕ್ಟರಮ್ಮನ ಹತ್ತಿರ ಬರಲು ಕೇಳಿದೆ. ಅವರು ಬರಲಿಲ್ಲ. ದೊಡ್ಡವರನ್ನು ಎರಡೆರಡು ಸಲ ಕೇಳುವುದು ಅವಮಾನ ಎಂದರು. ಹೊಕ್ಕ ಮನೆಗೆ ಒಳ್ಳೆಯದನ್ನು ನುಡಿಯುವುದು ಕಲಿ ಎಂದೂ ಅಂದರು. ನಾನೊಬ್ಬಳೇ ಹೋಗಿ ಕೇಳಿದೆ. ಡಾಕ್ಟರಮ್ಮ ಆಶ್ಚರ್ಯಪಟ್ಟರು. ನಿಮ್ಮ ಹಿರಿಯರಿಗೆ ನಾನೇ ಹೇಳಿದೆನಲ್ಲ, ಅವರು ಎಷ್ಟು ಧೈರ್ಯದಿಂದ ತಗೊಂಡರು, ಥ್ಯಾಂಕ್ಸ್ ಬೇರೆ ಹೇಳಿದರು ಎಂದರು. ಆಕೆಯದೂ ತಪ್ಪಿಲ್ಲ. ಸಾವಿನ ಮಾತನ್ನು ಮೆತ್ತಗೆ ಹೇಳಬೇಕೆಂದು ಅವರಿಗೆ ಕಲಿಸಿರುತ್ತಾರೆ. ಆ ಮೆತ್ತಗಿನ ಮಾತು ಇನ್ನೊಂದು ಭಾಷೆಗೆ ದಾಟುವಾಗ ಏನಾಗುತ್ತದೆಂದು ಕಲಿಸಿರುವುದಿಲ್ಲ.

ಸಂಜೆ ಅವ್ವ ಕಿಣ್ಣಿ ಸುಲ್ತಾನದಿಂದ ಫೋನ್ ಮಾಡಿದಳು. ಬೀಗಿತಿ ಆರಾಮ ಆಗುತ್ತಾಳಂತೆ, ನಾನು ಜಿಡಗಾದ ಮಠಕ್ಕೆ ಹರಕೆ ಹೊತ್ತಿದ್ದೆ, ಈ ಸೋಮವಾರ ನಡೆದುಕೊಂಡು ಹೋಗಿ ಬರುತ್ತೇನೆ ಎಂದಳು. ಬಿಸಿಲಿದೆ, ಹೋಗಬೇಡ ಎಂದೆ. ಬೇರೆ ಏನನ್ನೂ ಹೇಳಲಾಗಲಿಲ್ಲ; ಅತ್ತೆ ನನ್ನ ಮುಖವನ್ನೇ ನೋಡುತ್ತ ಮಲಗಿದ್ದರು. ಅವ್ವ ಹೋಗಿಬಂದಳು. ಪ್ರಸಾದವನ್ನೂ ಕಳಿಸಿದಳು.

ಆ ಕೋಣೆಯಲ್ಲಿ ಅದಾದ ಮೇಲಿನ ದಿನಗಳೇ ನನಗೆ ಎಲ್ಲಕ್ಕಿಂತ ಇಕ್ಕಟ್ಟಿನವು. ನೋವಿನ ಔಷಧಿಯ ಪ್ರಮಾಣ ಗೊತ್ತಾಗುವ ತನಕ ಬಿಡುವುದಿಲ್ಲ ಎಂದಿದ್ದರು. ಬೆಳಿಗ್ಗೆ ಡಾಕ್ಟರಮ್ಮ ಬಂದು, ಈಸ್ ಷಿ ಕಂಫರ್ಟೆಬಲ್ ಎಂದು ಕೇಳುತ್ತಿದ್ದರು. ನಾನು ಅತ್ತೆಗೆ, ಆರಾಮ ಅದೀರೇನ್ರಿ ಅಂತ ಕೇಳಾಕತ್ತಾರ ಎನ್ನುತ್ತಿದ್ದೆ. ಬೇರೆ ಶಬ್ದ ಹುಡುಕಿದ್ದೆ, ಸಿಕ್ಕವೆಲ್ಲ ಪುಸ್ತಕದವು. ಒಂದು ದಿನ ಅತ್ತೆ ಮುಖ ತಿರುವಿ, "ಆರಾಮ ಇದ್ದಿದ್ರ ಇಲ್ಲಿ ಯಾಕ ಇರ್ತಿದ್ನಿ, ಕೇಳು ಆಕಿಗಿ" ಎಂದರು. ನಾನದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಡಾಕ್ಟರಮ್ಮ ನಕ್ಕು ಅತ್ತೆಯ ಕೈ ಹಿಡಿದುಕೊಂಡರು. ಅವರಿಬ್ಬರ ನಡುವೆ ನಿಂತ ನನಗೆ ನಗಲಾಗಲಿಲ್ಲ.

ಕಾಕಾ ಬಂದರೆ ಬಾಗಿಲಲ್ಲೇ ದೊಡ್ಡ ದನಿಯಲ್ಲಿ ಅತ್ತಿಗೆಯನ್ನು ಕರೆದು, ವೈನಿ, ಇನ್ನೇನು ಮನಿಗಿ ಹೋಗೂದೇ ಎನ್ನುತ್ತಿದ್ದರು. ಮನೆಗೆ ಸುಣ್ಣ ಹೊಡೆಸುತ್ತಿದ್ದರಂತೆ. ಬಂದವರೆಲ್ಲ ಆರಾಮ ಆಗ್ತೀರಿ, ಆರಾಮ ಆಗ್ತೀರಿ ಎನ್ನುತ್ತಿದ್ದರು. ಅತ್ತೆ ತಲೆ ಅಲ್ಲಾಡಿಸಿ, ಅವರು ಹೋದ ಮೇಲೆ ನನ್ನನ್ನು ನೋಡುತ್ತಿದ್ದರು. ನಾನು ಡಬ್ಬಿ ತೊಳೆಯಲು ಏಳುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತ್ತು. ನಾನು ಪೇಪರಿನಿಂದ ಗಾಳಿ ಹಾಕುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಮಾತು ತೆಗೆದರು.

"ಎಲ್ಲಾರೂ ಆರಾಮ ಆರಾಮ ಅನ್ನಾಕತ್ತಾರ. ಗುಣಾ ಅಂತ ಒಬ್ಬರೂ ಅನ್ನವಲ್ಲರು. ಆ ಡಾಕ್ಟರ್ ಹುಡುಗಿ ಗುಣಾ ಅಂದಾಳೇನು?"

ಕೈಯಲ್ಲಿದ್ದ ಪೇಪರು ನಿಂತಿತು. ಇದೆಲ್ಲ ಶುರುವಾದಾಗಿನಿಂದ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಎಲ್ಲರೂ ತಮಗೆ ಸಿಕ್ಕ ಅರ್ಥ ಹಿಡಿದುಕೊಂಡು ಹೊರಟಿದ್ದರು. ಹೌದು ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಆ ಹೆಣ್ಣುಮಗಳು ನನ್ನ ಮುಂದೆ ಎರಡು ಶಬ್ದ ಇಟ್ಟು, ಇದೋ ಅದೋ ಎಂದು ಕೇಳಿದ್ದರು.

"ಇಲ್ಲರಿ ಅತ್ತಿ. ಗುಣಾ ಅಂದಿಲ್ಲ."

ಅವರು ಕಣ್ಣು ತೆರೆಯಲಿಲ್ಲ. ಹೊರಗೆ ಯಾರೋ ಗಾಲಿಯ ಮಂಚ ತಳ್ಳಿಕೊಂಡು ಹೋದರು. ಆಮೇಲೆ, ತ್ರಾಸ ಬಹಳ ಆಗುತ್ತದೇನು ಎಂದು ಕೇಳಿದರು. ಆಗದಂತೆ ನೋಡಿಕೊಳ್ಳುತ್ತಾರೆ, ಅದಕ್ಕಾಗಿಯೇ ಗುಳಿಗೆ ಕೊಡುತ್ತಿದ್ದಾರೆ, ಅದನ್ನೇ ಅವರು ಆರಾಮ ಎಂದದ್ದು ಎಂದೆ. ಹಂಗಂದ್ರ ಆತು ಎಂದರು. ಒದ್ದೆ ಬಟ್ಟೆಯಿಂದ ಮುಖ ಒರೆಸಲು ಹೇಳಿದರು. ಒರೆಸಿದೆ. ತಲೆ ಬಾಚು ಎಂದರು. ಬಾಚಿ ಸಣ್ಣ ತುರುಬು ಕಟ್ಟಿದೆ. ಮದುವೆಯಾಗಿ ಅಷ್ಟು ವರ್ಷವಾದರೂ ಅವರ ಕೂದಲನ್ನು ನಾನು ಮುಟ್ಟಿದ್ದು ಅದೇ ಮೊದಲು.

ಎದೆಯ ಮೇಲಿದ್ದ ಭಾರ ಇಳಿದೇ ಹೋಯಿತು ಎಂದುಕೊಂಡೆ. ಇನ್ನು ಅವರೇ ಎಲ್ಲರಿಗೂ ಹೇಳುತ್ತಾರೆ, ನಾನು ಬಿಡುಗಡೆಯಾದೆ ಎಂದು. ಆಗ ಅವರು ನನ್ನ ಕೈ ಹಿಡಿದರು.

"ನಿಮ್ಮ ಕಾಕಾಗ ಹೇಳಬ್ಯಾಡ. ಅಂವ ಬಾಯಿಲೆ ಅಷ್ಟೇ ಗಟ್ಟಿ. ತನ್ನ ಅಣ್ಣ ಸತ್ತಾಗ ಎಂಟು ದಿನ ಅನ್ನ ಮುಟ್ಟಿದ್ದಿಲ್ಲ. ನನ್ನ ಮ್ಯಾಲ ಆಣಿ."

ಅಲ್ಲಿಗೆ ಮುಗಿಯಿತು. ಮೊದಲು ಹೇಳಿದರೆ ಕೇಳುವವರಿರಲಿಲ್ಲ, ಈಗ ಹೇಳುವ ಹಾಗೇ ಇರಲಿಲ್ಲ.

ಜೇವರ್ಗಿಗೆ ಮರಳಿದೆವು. ಮನೆಗೆ ಸುಣ್ಣದ ವಾಸನೆ. ಕಾಕಾ ಓಣಿಯವರಿಗೆಲ್ಲ ಪೇಡೆ ಹಂಚಿಸಿದರು. ಅತ್ತೆಯನ್ನು ಪಡಸಾಲೆಯ ಮಂಚದ ಮೇಲೆ ದಿಂಬು ಕೊಟ್ಟು ಕೂರಿಸಿದೆವು. ಮಂದಿ ಬಂದು ಆರಾಮ ಆದ್ರೇನ್ರಿ ಎಂದು ಕೇಳಿದರೆ ಅತ್ತೆ ಸಲೀಸಾಗಿ, ಹೌದ್ರಿ, ಆರಾಮ ಎನ್ನುತ್ತಿದ್ದರು. ಅವರು ಹೇಳಿದ್ದು ಡಾಕ್ಟರಮ್ಮನ ಅರ್ಥದಲ್ಲಿ, ಬಂದವರು ಕೇಳಿಸಿಕೊಂಡದ್ದು ತಮ್ಮ ಅರ್ಥದಲ್ಲಿ. ಎರಡೂ ಗೊತ್ತಿದ್ದವಳು ನಾನು. ತಾಟಿನಲ್ಲಿ ಚಹಾ ಹಿಡಿದು ನಿಂತಿರುತ್ತಿದ್ದೆ. ನನ್ನ ಗಂಡ ಅಂಗಡಿಯಲ್ಲಿ ಹೆಚ್ಚು ಹೊತ್ತು ಇರತೊಡಗಿದ. ನಾನು ಎಂದಾದರೂ ಆ ವಿಷಯ ತೆಗೆದರೆ, ಗುಳಿಗೆ ಮುಗಿದಾವೇನು ಎಂದು ಮಾತು ಹೊರಳಿಸುತ್ತಿದ್ದ. ಶಾಲೆಗೆ ಮತ್ತೆ ಹೋಗತೊಡಗಿದೆ. ಹುಡುಗಿಯೊಬ್ಬಳು ಎದ್ದು, ಟೀಚರ್, ಎರಡೂ ಸರಿ ಇದ್ದರೆ ಯಾವುದು ಬರೀಬೇಕು ಎಂದು ಕೇಳಿದಳು. ಗದರಿ ಕೂರಿಸಿದೆ.

ಶಾಲೆಯಿಂದ ಬಂದವಳು ಬ್ಯಾಗಿಟ್ಟು ಅತ್ತೆಯ ಮಂಚದ ಹತ್ತಿರ ಕೂರುತ್ತಿದ್ದೆ. ನಾವೇನೂ ದೊಡ್ಡ ಮಾತು ಆಡುತ್ತಿರಲಿಲ್ಲ. ಯಾವ ಪಾತ್ರೆ ಯಾರಿಗೆ, ಶೇಂಗಾ ಹಿಂಡಿ ಚಟ್ನಿಯ ಖಾರ ಎಷ್ಟು ಇರಬೇಕು, ಅಫಜಲಪುರದಲ್ಲಿ ಚಿಕ್ಕವರಿದ್ದಾಗ ಹೊಳೆ ದಾಟಿದ್ದು. ಒಮ್ಮೊಮ್ಮೆ ನೋವು ಜೋರಾದಾಗ ಅವರು ಬಾಗಿಲ ಕಡೆ ನೋಡಿ, ಕಾಕಾ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ನರಳುತ್ತಿದ್ದರು. ಅದನ್ನು ನೋಡುವುದು ನನಗೆ ಕಠಿಣವಾಗಿತ್ತು. ಒಂದು ಸಲ ತಡೆಯಲಾಗದೆ, ಇನ್ನಾದರೂ ಹೇಳೋಣ್ರಿ ಎಂದೆ. ಅವರು ಬೇಡವೆಂದು ಕೈಯಾಡಿಸಿದರು.

ಮುಂಗಾರಿನ ಮೊದಲ ಮಳೆ ಬಿದ್ದು ಹೊಲಗಳಲ್ಲಿ ತೊಗರಿ ಬಿತ್ತುವ ಹೊತ್ತಿಗೆ ಅವರ ಕಾಲು ಬಾತವು, ಊಟ ನಿಂತಿತು. ಕಾಕಾ ಗಾಬರಿಯಾಗಿ ಕಲಬುರಗಿಗೆ ಹೋಗೋಣ ಎಂದು ಗಾಡಿ ತರಿಸಿದರು. ಅತ್ತೆ ಏಳಲಿಲ್ಲ. ಒಂದು ಬೆಳಿಗ್ಗೆ, ನಾನು ಚಮಚದಿಂದ ಅಂಬಲಿ ಕುಡಿಸುತ್ತಿದ್ದಾಗ, ಸಾಕು ಎಂದು ಮುಖ ಸರಿಸಿದರು. ಆಮೇಲೆ ಉಸಿರು ಹಗುರಾಗುತ್ತ ಹೋಗಿ ನಿಂತಿತು. ನೋವಿರಲಿಲ್ಲ. ಡಾಕ್ಟರಮ್ಮ ತಮ್ಮ ಮಾತು ಉಳಿಸಿಕೊಂಡಿದ್ದರು.

ಮಣ್ಣಾದ ಮೇಲಿನ ಕಾರ್ಯದ ದಿನ ಬೀಗರು ಬಿಜ್ಜರೆಲ್ಲ ಅಂಗಳದಲ್ಲಿ ಕೂತಿದ್ದರು. ಅಫಜಲಪುರದ ಮಾಮಾ, ಆರಾಮ ಆಗ್ತಾಳ ಅಂದಿದ್ದಿರಲ್ಲ ಎಂದು ಸುಮ್ಮನೆ, ಯಾರನ್ನೂ ನೋಡದೆ ಅಂದರು. ಕಾಕಾ ತಟ್ಟನೆ ನನ್ನ ಕಡೆ ತಿರುಗಿದರು.

"ಇಂಗ್ಲಿಷ್ ಬರೂ ಸೊಸಿ ಮನ್ಯಾಗ ಇದ್ಲು. ಒಂದು ಮಾತ ಬಿಡಿಸಿ ಹೇಳಲಿಲ್ಲ."

ಅಷ್ಟೂ ಮಂದಿ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಹೋಳಿಗೆಯ ಬುಟ್ಟಿ ಇತ್ತು. ಆ ವರಾಂಡದ ಬೆಂಚು, ಅವರ ಬಿಳಿಚಿದ ಮುಖ ನೆನಪಾಯಿತು. ಹೇಳಿದ್ದೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಆಮೇಲೆ ಏಕೆ ಸುಮ್ಮನಾದೆ ಎಂದು ಕೇಳಿದರೆ ಅತ್ತೆಯ ಆಣೆಯನ್ನು ಅಂಗಳದಲ್ಲಿ ಬಿಚ್ಚಬೇಕಾ‌ಗುತ್ತಿತ್ತು. ನನ್ನ ಗಂಡನ ಕಡೆ ನೋಡಿದೆ. ಅವನು ನೀರಿನ ಹಂಡೆಯ ಕಡೆ ಎದ್ದು ಹೋದ. ನಾನು ಪಂಕ್ತಿಯಲ್ಲಿ ಮುಂದೆ ಹೋಗಿ ಹೋಳಿಗೆ ಬಡಿಸಿದೆ, ಕಾಕಾಗೂ.

ಎಲ್ಲರೂ ಹೋದ ಮೇಲೆ ಅವನನ್ನು ಕೇಳಿದೆ, ನೀನಾದರೂ ಒಂದು ಮಾತು ಆಡಬಾರದಿತ್ತೇ ಎಂದು. ಆಡಿದ್ದರೆ ಕಾಕಾ ಕುಸಿದುಬಿಡುತ್ತಿದ್ದರು ಎಂದ. ತಾಯಿಗೂ ಮಗನಿಗೂ ಒಂದೇ ಚಿಂತೆ. ಕುಸಿಯದೆ ಇರಲು ಆ ಮನೆಯಲ್ಲಿ ನಾನೊಬ್ಬಳೇ ಸಿಕ್ಕಿದ್ದೆ. ಆ ಮಾತನ್ನು ಅವನಿಗೆ ನೇರವಾಗಿಯೇ ಹೇಳಿದೆ, ದನಿ ಎತ್ತದೆ. ಅವನು ತಲೆ ತಗ್ಗಿಸಿ, "ಖರೇ ಅದ" ಎಂದ. ಮರುದಿನದಿಂದ ಅಂಗಡಿಯಿಂದ ಬೇಗ ಬರತೊಡಗಿದ. ಕಾಕಾನ ಮುಂದೆ ಮಾತ್ರ ಇವತ್ತಿಗೂ ಏನೂ ಹೇಳಿಲ್ಲ.

ಈಚೆಗೆ ಕಾಕಾಗೆ ಎದೆಯಲ್ಲಿ ಏನೋ ಹಿಡಿದಂತಾಗುತ್ತದೆ ಎಂದು ಎಕ್ಸ್‌ರೇ ಫೋಟೋ ತೆಗೆಸಿದ್ದರು. ನಾನು ಶಾಲೆಯಿಂದ ಬಂದಾಗ ಕಟ್ಟೆಯ ಮೇಲೆ ಲಕೋಟೆ ಹಿಡಿದು ಒಬ್ಬರೇ ಕೂತಿದ್ದರು. ಇದೇನೋ ಬರೆದಾರ ನೋಡು ಎಂದು ಒಂದು ಶಬ್ದದ ಮೇಲೆ ಬೆರಳಿಟ್ಟರು. ಅನ್‌ರಿಮಾರ್ಕೆಬಲ್ ಎಂದಿತ್ತು. ಅವರ ಇಲಾಖೆಯಲ್ಲಿ ರಿಮಾರ್ಕ್ ಎಂದರೆ ನೌಕರಿಗೆ ಬೀಳುವ ಕಪ್ಪು ಗುರುತು. ಇದು ಅದಕ್ಕಿಂತ ದೊಡ್ಡದು, ಬಾಯಿಬಿಟ್ಟು ಹೇಳಲಾಗದಷ್ಟು ಕೆಟ್ಟದ್ದೇನೋ ಎಂದು ಅವರು ತಿಳಿದಿದ್ದರು.

"ಹೇಳೂವಂಥದ್ದೇನೂ ಇಲ್ಲ ಅಂತ ಅರ್ಥ ರೀ ಕಾಕಾ. ಚೊಲೋ ಅದ," ಎಂದೆ.

ಅವರು ನನ್ನ ಮುಖವನ್ನು ಬಹಳ ಹೊತ್ತು ಹುಡುಕಿದರು. ಖರೇ ಏನು ಎಂದು ಕೇಳಿದರು. ಖರೇ ಎಂದೆ. ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಹೇಳಿದೆ. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಚಪ್ಪಲಿ ಮೆಟ್ಟಿ, ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯವನಿಗೆ ತೋರಿಸಲು ಹೊರಟರು. ಅವನೂ ಅದನ್ನೇ ಹೇಳಿದನೆಂದು ನನ್ನ ಗಂಡನ ಮುಂದೆ ಹೇಳಿದರಂತೆ. ನನಗೆ ಹೇಳಲಿಲ್ಲ.

ಮುಂದಿನ ವಾರ ಕಾಕಾ ತಮ್ಮ ರಕ್ತದ ರಿಪೋರ್ಟನ್ನು ಮತ್ತೆ ನನ್ನ ಹತ್ತಿರವೇ ತಂದರು. ನಾನು ಕೈ ಒರೆಸಿಕೊಂಡು ಬಂದು ಓದಿದೆ.